ಮೈಕ್ರೋ ಆಂಟಿ ಮತ್ತು ಡೆಲ್ಫ್ಟಿನ ಜವಳಿಯವನು

ಮೈಕ್ರೋ ಆಂಟಿ ತೀರಿಕೊಂಡ ಮೇಲಿನ ಭಾನುವಾರ ನೈರೋಬಿಯ ನಮ್ಮ ಕನ್ನಡದವರು ಅವರ ಫ್ಲ್ಯಾಟಿನಲ್ಲೇ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಭಾಷಣ ಬೇಡ, ಒಬ್ಬೊಬ್ಬರು ಎರಡು ಮಾತು ಆಡಿದರೆ ಸಾಕು ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ಮೊದಲು ಎದ್ದವರು ವಕೀಲರು. ವಿದ್ವತ್ತು, ಸರಳತೆ ಎಂದೆಲ್ಲ ಶುರು ಮಾಡಿ, "ಒಂದ್ಸಲ ಇದೇ ಮನೆಗೆ ಊಟಕ್ಕೆ ಬಂದಿದ್ದೆ, ಕೂತ ತಕ್ಷಣ ಬಾಯಿ ತೆಗೀರಿ ಅಂದ್ರು" ಎಂಬಲ್ಲಿಗೆ ಬಂದು ನಿಂತರು. ಒಂದು ಮೂಲೆಯಲ್ಲಿ ಯಾರೋ ಕೆಮ್ಮಿದರು. ಇನ್ನೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ನಂತರ ಎದ್ದ ಪಾದ್ರಿಗಳು ಪ್ರಾರ್ಥನೆಯಿಂದ ಹೊರಟರು, ಡಾಕ್ಟರು ಆಸ್ಪತ್ರೆಯಿಂದ ಹೊರಟರು, ನನ್ನ ಗಂಡ ನೆರೆಹೊರೆಯ ಪ್ರೀತಿಯಿಂದ ಹೊರಟ. ಯಾರು ಎಲ್ಲಿಂದ ಹೊರಟರೂ ಬಂದು ತಲುಪುತ್ತಿದ್ದುದು ತಮ್ಮ ತಮ್ಮ ಹಲ್ಲಿನ ಹತ್ತಿರಕ್ಕೆ. ಸಾವಿನ ಮನೆಯಲ್ಲಿ ಇಷ್ಟು ನಗು ಎದ್ದದ್ದು ಕೇಳಿ ಗೇಟು ಕಾಯುವ ಅಸ್ಕಾರಿ ಬಾಗಿಲಿನಿಂದ ಇಣುಕಿ ನೋಡಿದ. ಅವನ ಹಲ್ಲನ್ನೂ ಆಂಟಿ ಕೆರೆದು ನೋಡಿದ್ದರು.

ಅವರು ಕಾಲೇಜೊಂದರಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮೈಕ್ರೋಬಯಾಲಜಿ ಎಂದು ಪೂರ್ತಿ ಹೇಳಲು ಸೋಮಾರಿತನ ಪಟ್ಟ ಮಕ್ಕಳು ಇಟ್ಟ ಹೆಸರು ಮೈಕ್ರೋ ಆಂಟಿ. ಆ ಹೆಸರಿಗೂ ಆಕಾರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಎತ್ತರದ, ಅಗಲವಾದ ಹೆಂಗಸು. ಇಳಕಲ್ ಸೀರೆ, ಅದರ ಕೆಳಗೆ ಕ್ಯಾನ್ವಾಸ್ ಬೂಟು. ಅವರು ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನು ಹತ್ತಿದರೆ ಪಕ್ಕದ ಸೀಟಿನವನು ತಾನಾಗಿಯೇ ಎದ್ದು ಹಿಂದಕ್ಕೆ ಹೋಗುತ್ತಿದ್ದ. ಆಂಟಿ "ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ಎರಡೂ ಸೀಟಿನಲ್ಲಿ ಕೂರುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ನಾವು ಪಾರ್ಕ್‌ಲ್ಯಾಂಡ್ಸಿನ ಅವರ ಕಟ್ಟಡಕ್ಕೆ ಬಂದ ವಾರದಲ್ಲಿ. ನನ್ನ ಗಂಡನಿಗೆ ಎಂಬಕಸಿಯಲ್ಲಿ ವಿಮಾನದ ಸರಕು ಸಾಗಿಸುವ ಕೆಲಸ, ನನಗೆ ರಿವರ್‌ಸೈಡಿನ ಒಂದು ಸೇವಾ ಸಂಸ್ಥೆಯ ಆಫೀಸು. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕೈಯಲ್ಲಿ ಖಾಲಿ ಸ್ಟೀಲ್ ಲೋಟ ಹಿಡಿದು ನಿಂತಿದ್ದಾರೆ. ಸಕ್ಕರೆ ಕೇಳಲು ಬಂದಿರಬೇಕು ಅಂದುಕೊಂಡೆ.

"ಕನ್ನಡದೋರು ಬಂದಿದಾರೆ ಅಂದ್ರು. ನಾನು ಕೆಳಗಿನ ಮನೆಯೋಳು. ಒಂದು ಲೋಟ ನೀರು ಕೊಡಮ್ಮ."

ನಾನು ಫಿಲ್ಟರಿನ ಕಡೆಗೆ ತಿರುಗಿದೆ.

"ಅದು ಬೇಡ, ನಲ್ಲಿದು ಕೊಡು. ಕುಡಿಯೋಕಲ್ಲ, ನೋಡೋಕೆ."

ಮಾರನೆಯ ದಿನ ಲೋಟ ತೊಳೆದುಕೊಂಡು ಮತ್ತೆ ಬಂದರು. "ನಿನ್ನ ನೀರು ಪರವಾಗಿಲ್ಲ. ಇಬ್ಬರು ಮೂವರು ಇದಾರೆ, ಒಳ್ಳೆ ಜನ. ಆದರೂ ಕಾಯಿಸಿ ಕುಡೀರಿ" ಎಂದು ಹೇಳಿ ಇಳಿದುಹೋದರು. ಆ ಇಬ್ಬರು ಮೂವರು ಯಾರೆಂದು ನನಗೂ ನನ್ನ ಗಂಡನಿಗೂ ಸಂಜೆಯವರೆಗೂ ಹೊಳೆಯಲಿಲ್ಲ.

ಆಮೇಲೆ ಅವರ ಮನೆಗೆ ಹೋಗಿ ಬರುವುದು ರೂಢಿಯಾಯಿತು. ಕಾಲೇಜಿನ ದೊಡ್ಡ ಸೂಕ್ಷ್ಮದರ್ಶಕ ಕಾಲೇಜಿನಲ್ಲೇ ಉಳಿಯಿತು, ಅದರ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ. ಮನೆಯಲ್ಲಿ ಅವರು ಬಳಸುತ್ತಿದ್ದುದು ಹೆಬ್ಬೆರಳಿನಷ್ಟು ಅಗಲದ ಹಿತ್ತಾಳೆ ತಗಡು. ಅದರ ನಡುವೆ ಒಂದು ಚಿಕ್ಕ ತೂತು, ತೂತಿನೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಗಾಜಿನ ಮಣಿ. ಗಾಜಿನ ಕಡ್ಡಿಯನ್ನು ಗ್ಯಾಸ್ ಒಲೆಯ ಉರಿಯಲ್ಲಿ ಹಿಡಿದು, ಎಳೆ ಎಳೆದು, ಆ ಎಳೆಯ ತುದಿಯನ್ನು ಮತ್ತೆ ಕಾಯಿಸಿ ಮಣಿ ಮಾಡುತ್ತಿದ್ದರು. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಿಟಕಿಯ ಬೆಳಕಿಗೆ ಮುಖ ಮಾಡಿದರೆ, ಅದರ ಹಿಂದೆ ಇಟ್ಟ ಒಂದು ಹನಿ ನೀರು ಒಂದು ಕೆರೆಯಷ್ಟಾಗುತ್ತಿತ್ತು.

"ಇದು ನನ್ನ ಕಲ್ಪನೆ ಅಲ್ಲ. ಜವಳಿಯವನದು," ಎನ್ನುತ್ತಿದ್ದರು.

ಜವಳಿಯವನು ಎಂದರೆ ಮುನ್ನೂರು ವರ್ಷಕ್ಕೂ ಹಿಂದೆ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿದ್ದ ಒಬ್ಬ ಬಟ್ಟೆ ವ್ಯಾಪಾರಿ. ಸೂಕ್ಷ್ಮಜೀವಿಗಳನ್ನು ಮೊಟ್ಟಮೊದಲು ಕಣ್ಣಾರೆ ಕಂಡ ಮನುಷ್ಯ. ಅವನಿಗೆ ಹೆಸರಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. "ಐತೆ. ಅದನ್ನ ಸರಿಯಾಗಿ ಹೇಳಬೇಕಾದ್ರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕೊಂಡಿರಬೇಕು. ನಾವು ಜವಳಿಯವನು ಅನ್ನೋಣ" ಎಂದರು. ಪುಸ್ತಕದ ಮನುಷ್ಯನ ಬಗ್ಗೆ ಹೇಳುವಂತೆ ಅವರು ಅವನ ಬಗ್ಗೆ ಹೇಳುತ್ತಲೇ ಇರಲಿಲ್ಲ. ತವರುಮನೆಯ ಕಡೆಯ ಒಬ್ಬ ವಿಚಿತ್ರ ಸೋದರಮಾವನ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅವರ ತಂದೆಗೆ ದಾವಣಗೆರೆಯಲ್ಲಿ ಜವಳಿ ಅಂಗಡಿ. ಬಟ್ಟೆಯ ನೇಯ್ಗೆ ಎಷ್ಟು ಒತ್ತಾಗಿದೆ ಎಂದು ನೋಡಲು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಮಡಚುವ ಭೂತಗನ್ನಡಿ ಇರುತ್ತಿತ್ತಂತೆ. ಹುಡುಗಿ ಅದನ್ನು ಹಿಡಿದು ಮಲ್ಲು, ಪಾಪ್ಲಿನ್ನು, ಖಾದಿ ಎಲ್ಲವನ್ನೂ ನೋಡಿ ಮುಗಿಸಿ, ಗಿರಾಕಿಗಳ ತಲೆಯ ಮೇಲಿನ ಹೇನಿಗೆ ಬಂದಿದ್ದಳು. ಡಿಗ್ರಿಗೆ ಹುಳುಹುಪ್ಪಟೆಯ ವಿಷಯ ಬೇಕೆಂದಾಗ ಚಿಕ್ಕಪ್ಪಂದಿರು ನಕ್ಕರು. "ಬಟ್ಟೆ ನೋಡೋ ಕಣ್ಣು, ಹುಳ ನೋಡ್ಲಿ ಬಿಡ್ರಿ. ಎರಡೂ ನೂಲೇ" ಎಂದರಂತೆ ತಂದೆ.

ಡೆಲ್ಫ್ಟಿನವನೂ ಹಾಗೆಯೇ. ಬುಟ್ಟಿ ಹೆಣೆಯುವವನ ಮಗ. ಅಂಗಡಿಯಲ್ಲಿ ನೂಲು ನೋಡಲು ಹಿಡಿದ ಮಸೂರ ಅವನ ಕೈ ಬಿಡಲೇ ಇಲ್ಲ. ಊರಿನ ಪುರಸಭೆ ಅವನಿಗೆ ಒಂದು ಉದ್ಯೋಗ ಕೊಟ್ಟಿತ್ತು. ದೊಡ್ಡವರು ಕೂರುವ ಕೋಣೆಯನ್ನು ಗುಡಿಸಿ ಒಲೆ ಹೊತ್ತಿಸುವ ಹೊಣೆ. "ಗುಡಿಸೋಕೆ ಬೇರೆಯೋರನ್ನ ಇಟ್ಟಿದ್ದ ಅಂತ ಕಾಣ್ತದೆ. ಇವನು ಮನೇಲಿ ಕೂತು ಗಾಜು ಉಜ್ಜುತಿದ್ದ. ಸಂಬಳ ಮಾತ್ರ ತಗೋತಿದ್ದ. ನಮ್ಮ ಕಡೆ ಹುಟ್ಟಬೇಕಾದೋನು," ಎನ್ನುವಾಗ ಆಂಟಿಯ ದನಿಯಲ್ಲಿ ಅಭಿಮಾನವಿರುತ್ತಿತ್ತು. ತನ್ನ ಅತಿ ಒಳ್ಳೆಯ ಮಸೂರಗಳನ್ನು ಅವನು ಯಾರಿಗೂ ತೋರಿಸಲಿಲ್ಲ. ನೋಡಲು ರಾಜರೇ ಬಂದರೂ ಎರಡನೇ ದರ್ಜೆಯದನ್ನು ಮುಂದಿಟ್ಟು ಕಳಿಸಿದ. ಅವನಿಗೆ ವಿದ್ವಾಂಸರ ಲ್ಯಾಟಿನ್ ಭಾಷೆ ಬರುತ್ತಿರಲಿಲ್ಲ. ಲಂಡನ್ನಿನ ಪಂಡಿತರ ಸಂಘಕ್ಕೆ ತಾನು ಕಂಡದ್ದನ್ನೆಲ್ಲ ತನ್ನ ಅಂಗಡಿಯ ಡಚ್ ಭಾಷೆಯಲ್ಲೇ ಬರೆದ, ಜೀವಮಾನವಿಡೀ.

"ಅನುವಾದ ಮಾಡ್ಕೊಳ್ಳೋದು ಅವರ ಕರ್ಮ ಅಂತ ಬಿಟ್ಟ," ಎಂದು ಆಂಟಿ ನನ್ನ ಮಗಳ ಕಡೆಗೆ ತಿರುಗುತ್ತಿದ್ದರು. "ನೀನು ನೋಡಿದರೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಲ್ಲಿ ಹೇಳ್ತೀಯ."

"ಐ ಅಂಡರ್‌ಸ್ಟ್ಯಾಂಡ್ ಎವ್ರಿಥಿಂಗ್, ಆಂಟಿ," ಎನ್ನುತ್ತಿದ್ದಳು ಮಗಳು.

"ಹಸುವಿಗೂ ಅರ್ಥ ಆಗ್ತದೆ ಕಂದ."

ಅವರ ಮನೆಗೆ ಯಾರೇ ಹೋದರೂ ಮೊದಲು ಬರುತ್ತಿದ್ದುದು ನಾಲಿಗೆ ಸುಡುವಷ್ಟು ಬಿಸಿಯಾದ ಕಾಫಿ. ಆರಿಸಿಕೊಂಡು ಕುಡಿಯುವಂತಿರಲಿಲ್ಲ. ಬಿಸಿ ಕಾಫಿ ಕುಡಿದ ಮೇಲೆ ತನ್ನ ಮುಂದಿನ ಹಲ್ಲುಗಳ ಮೇಲಿನ ಜೀವಿಗಳೆಲ್ಲ ಸತ್ತುಬಿದ್ದಿದ್ದನ್ನು ಜವಳಿಯವನು ಕಂಡಿದ್ದನಂತೆ. ಹಿಂದಿನ ಹಲ್ಲಿನವು ಮಾತ್ರ ಸುಖವಾಗಿದ್ದವಂತೆ. "ಹಿಂದಕ್ಕೂ ಹೋಗ್ಲಿ, ಮುಕ್ಕಳಿಸು," ಎಂದು ಆಂಟಿ ಎದುರು ನಿಂತು ಹೇಳುತ್ತಿದ್ದರು. ರಾಯಭಾರ ಕಚೇರಿಯ ದೊಡ್ಡ ಅಧಿಕಾರಿಯೊಬ್ಬರು ಕೋಟು ಟೈ ಹಾಕಿಕೊಂಡು ಅವರ ಸೋಫಾದಲ್ಲಿ ಕೂತು, ಕಾಫಿಯನ್ನು ಎಡದವಡೆಯಿಂದ ಬಲದವಡೆಗೆ ತಿರುಗಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಹಲ್ಲಿನ ಕಥೆಯೂ ಅವನಿಂದಲೇ ಬಂದದ್ದು. ಜವಳಿಯವನು ತನ್ನ ಹಲ್ಲು ಕೆರೆದು ನೋಡಿದ, ಹೆಂಗಸರಿಬ್ಬರದು ನೋಡಿದ, ಕೊನೆಗೆ ಹುಟ್ಟಿದಾರಭ್ಯ ಹಲ್ಲನ್ನೇ ಉಜ್ಜದ ಒಬ್ಬ ಮುದುಕನನ್ನು ಹುಡುಕಿಕೊಂಡು ಹೋಗಿ ಅವನದನ್ನೂ ನೋಡಿದ. ದಿನಾ ಉಜ್ಜುವ ತನ್ನ ಬಾಯಲ್ಲೇ ಇಡೀ ಹಾಲೆಂಡ್ ದೇಶದ ಜನರಿಗಿಂತ ಹೆಚ್ಚು ಜೀವಿಗಳಿವೆ, ಇನ್ನು ಆ ಮುದುಕನ ಬಾಯಲ್ಲಿ ಎಷ್ಟಿರಬೇಕು ಎನ್ನುವ ಅರ್ಥ ಬರುವಂತೆ ಬರೆದ. ಅಂಥ ಒಂದು ಬಾಯಿ ನೈರೋಬಿಯಲ್ಲೂ ಸಿಗಬೇಕೆಂದು ಆಂಟಿಯ ಆಸೆ. ಅಸ್ಕಾರಿಯನ್ನು ಕೇಳಿದರು, ತರಕಾರಿಯವಳನ್ನು ಕೇಳಿದರು, ಮಟಾಟುವಿನ ಕಂಡಕ್ಟರನನ್ನು ಕೇಳಿದರು. ಎಲ್ಲರ ಹಲ್ಲೂ ಮುತ್ತಿನ ಹಾಗೆ ಇದ್ದವು. ಹತಾಶರಾಗಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ನನ್ನ ಗಂಡ ಲುಂಗಿಯಲ್ಲಿ ಕೂತು ಫೋನ್ ನೋಡುತ್ತಿದ್ದ.

"ಹಲ್ಲುಜ್ಜಿದೆಯೇನಪ್ಪ?"

"ಇವತ್ತು ಭಾನುವಾರ ಅಲ್ವಾ ಆಂಟಿ," ಎಂದ ನನ್ನ ಗಂಡ.

ಆಂಟಿಯ ಮುಖ ಅರಳಿದ್ದನ್ನು ನಾನು ಎಂದೂ ಮರೆಯುವುದಿಲ್ಲ. ಹಲ್ಲುಕಡ್ಡಿಯಿಂದ ಒಂದು ಚೂರು ಕೆರೆದು, ಮಳೆನೀರಿನ ಹನಿಯಲ್ಲಿ ಕದಡಿ, ಮೊದಲು ತಾವು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಗಡನ್ನು ಅವನ ಕೈಗೆ ಕೊಟ್ಟು, "ನಿನ್ನ ಸಂಸಾರ. ನೀನೇ ನೋಡು" ಎಂದರು. ಅವನು ನೋಡಿದ. ತಗಡನ್ನು ಮೆಲ್ಲಗೆ ಕೆಳಗಿಟ್ಟು ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೇ ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಪೇಸ್ಟು ತಿಂಗಳ ಮಧ್ಯದಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಆಟದ ಹಾಗೆ ಕಾಣುತ್ತಿದ್ದುದು ಒಂದು ಯುಗಾದಿಯಂದು ಜಗಳವಾಯಿತು.

ನಮ್ಮ ಕನ್ನಡ ಕೂಟದ ಅಧ್ಯಕ್ಷರು ಮಂಗಳೂರು ಕಡೆಯವರು. ಇಲ್ಲಿ ನಟ್ಟು, ಬೋಲ್ಟು, ಪೈಪುಗಳ ದೊಡ್ಡ ಅಂಗಡಿ ಇಟ್ಟವರು. ಕೂಟಕ್ಕೆ ಬೇಕಾದ್ದನ್ನೆಲ್ಲ ಸ್ವಂತ ಕೈಯಿಂದ ಮಾಡುವವರು, ಆದ್ದರಿಂದ ಯಾರೂ ತಪ್ಪು ಹೇಳಬಾರದೆಂಬ ಮನಸ್ಸಿನವರು. ಪ್ರತಿ ಹಬ್ಬಕ್ಕೂ ಬಾಡಿಗೆಗೆ ಹಿಡಿಯುವ ಸಭಾಂಗಣದಲ್ಲಿ ಹಬ್ಬದ ಅಡುಗೆ ನಡೆದಿತ್ತು. ಮಾವಿನ ತೋರಣ ಕಟ್ಟಿದ್ದರು. ನೀರುಮಜ್ಜಿಗೆ ಮಾಡಲು ದೊಡ್ಡ ಡ್ರಮ್ಮಿಗೆ ನಲ್ಲಿಯಿಂದ ನೀರು ಬಿಟ್ಟಿದ್ದರು. ಬೇಗ ಬಂದಿದ್ದ ಆಂಟಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಆ ನೀರಿನ ಹನಿಯೊಂದನ್ನು ಮಣಿಯಲ್ಲಿ ನೋಡಿ, "ಮಜ್ಜಿಗೆ ನಿಲ್ಲಿಸ್ರಿ" ಎಂದರು.

ಅಧ್ಯಕ್ಷರು ಬಿಳಿ ಪಂಚೆ ಎತ್ತಿಕೊಂಡು ಓಡಿ ಬಂದರು. "ಎಂತ ಮೇಡಂ, ಹಬ್ಬದ ದಿನ. ಇಷ್ಟು ವರ್ಷ ಇದೇ ನೀರಲ್ಲಿ ಮಾಡಿದ್ದೇವೆ. ಯಾರಾದ್ರೂ ಸತ್ತಿದ್ದಾರಾ?"

"ಸತ್ತಿಲ್ಲ. ಹೋದ ಯುಗಾದಿ ಮಾರನೇ ದಿನ ನಿಮ್ಮ ಕಾರ್ಯಕಾರಿ ಸಮಿತಿ ಪೂರ್ತಿ ಎಲ್ಲಿತ್ತು?"

ಅಧ್ಯಕ್ಷರು ಸುತ್ತ ನೋಡಿದರು. ಸಮಿತಿಯವರು ನೆಲ ನೋಡಿದರು. "ಅದು ಹೋಳಿಗೆ ಜಾಸ್ತಿ ಆದದ್ದು," ಎಂದರು ಅಧ್ಯಕ್ಷರು. "ಮೇಡಂ, ನಿಮಗೆ ಹುಳ ಕಾಣದ ಜಾಗ ಯಾವುದಾದರೂ ಉಂಟಾ? ದೇವರ ತೀರ್ಥದಲ್ಲೂ ಕಾಣ್ತದೆ ನಿಮಗೆ."

"ಕಂಡೈತೆ. ಹೇಳಿಲ್ಲ ಅಷ್ಟೆ."

ಮಾತು ಬಿಸಿಯಾಯಿತು. ಊಟಕ್ಕೆ ಜನ ಬರುವ ಹೊತ್ತು. ಮಕ್ಕಳು ಹೊರಗೆ ಆಡುತ್ತಿದ್ದವು. ಆಡಿ ದಣಿದು ಬಂದು ಮೊದಲು ಕುಡಿಯುವುದು ಆ ಮಜ್ಜಿಗೆಯನ್ನೇ. ಆಂಟಿ ಡ್ರಮ್ಮಿನ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಅವರನ್ನು ಎಬ್ಬಿಸುವುದು ಸಮಿತಿಯ ಶಕ್ತಿಗೆ ಮೀರಿದ ಮಾತು. "ಜವಳಿಯವನನ್ನೂ ಲಂಡನ್ನಿನೋರು ನಂಬಲಿಲ್ಲ. ಊರಿನ ಪಾದ್ರಿಗಳು, ವಕೀಲರು, ದೊಡ್ಡ ಮನುಷ್ಯರನ್ನ ಕರೆದು ತೋರಿಸಿ ಅವರಿಂದ ಹೌದು ಅನ್ನಿಸಿದ. ನೀವೂ ಕರೀರಿ. ಯಾರ ಮಾತು ನಂಬ್ತೀರೋ ಅವರನ್ನೇ ಕರೀರಿ," ಎಂದರು.

ಮೊದಲು ಪುರೋಹಿತರು ಬಂದರು. ಮಡಿಯಲ್ಲಿದ್ದುದರಿಂದ ತಗಡನ್ನು ಮುಟ್ಟದೆ ಕಣ್ಣು ಮಾತ್ರ ಹತ್ತಿರ ತಂದು, "ಏನೋ ಒಂದು ಪ್ರಭೆ ಕಾಣ್ತಾ ಇದೆ" ಎಂದರು. ಅದು ಟ್ಯೂಬ್‌ಲೈಟ್ ಎಂದು ಆಂಟಿ ಹೇಳಿದರು. ವಕೀಲರು ನೋಡಿ, "ಚಲಿಸುವ ವಸ್ತು ಇದೆ ಅಂತ ಹೇಳಬಲ್ಲೆ. ಅದು ಹುಳ ಅಂತ ಹೇಳಲಾರೆ" ಎಂದರು. ಪಾದ್ರಿಗಳು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು. "ಎಷ್ಟು ಚಂದ ಇವೆ. ಇವಕ್ಕೂ ಇವತ್ತು ಹಬ್ಬ ಅಂತ ಕಾಣ್ತದೆ," ಎಂದು ತಗಡನ್ನು ಬಿಡಲೊಲ್ಲದೆ ಬಿಟ್ಟುಕೊಟ್ಟರು. ಕೊನೆಗೆ ಅಧ್ಯಕ್ಷರೇ ಇಸಿದುಕೊಂಡು ಕಣ್ಣಿಗೆ ಹಿಡಿದರು. ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿದರು.

"ದೇವರೇ, ಹಾವು ಉಂಟು ಮಾರಾಯ್ರೆ. ಕಪ್ಪು. ಒಂದಲ್ಲ, ಸಾಲಾಗಿ. ನಾನು ಕಣ್ಣು ಮಿಟುಕಿಸಿದಾಗೆಲ್ಲ ಎದ್ದು ಬರ್ತವೆ."

"ಅವು ನಿಮ್ಮ ರೆಪ್ಪೆ ಕೂದಲು. ಅಗಲ ಕಣ್ಣು ಬಿಟ್ಟು ನೋಡ್ರಿ."

ಅಗಲ ಕಣ್ಣು ಬಿಟ್ಟರು. ಬಾಯಿ ತೆರೆದೇ ಇತ್ತು. ತಗಡನ್ನು ಇಳಿಸಿ ತಗ್ಗಿದ ದನಿಯಲ್ಲಿ, "ಇದನ್ನಾ ನಾವು ಕುಡಿದದ್ದು" ಎಂದರು. ಆಂಟಿ ಗೆದ್ದಿದ್ದರು. ಡ್ರಮ್ಮನ್ನು ಚೆಲ್ಲಿ ಎಂದು ಅಧ್ಯಕ್ಷರೇ ಕೈ ಎತ್ತಿದ್ದರು.

ಆಗ ಆಂಟಿ ಮಾಡಿದ ಕೆಲಸ ನಾನು ಬೇರೆ ಯಾರೂ ಮಾಡಿದ್ದನ್ನು ಕಂಡಿಲ್ಲ. "ಒಂದು ನಿಮಿಷ," ಎಂದರು. "ಸುಳ್ಳು ನಂಬಿಸಿ ಗೆಲ್ಲಬಾರದು. ನೀವು ಈಗ ನೋಡಿದಿರಲ್ಲ, ಅವು ಪಾಪದವು. ಕುಡಿದರೂ ಏನೂ ಆಗಲ್ಲ. ಹೊಟ್ಟೆ ಕೆಡಿಸೋವು ಇವಕ್ಕಿಂತ ಬಹಳ ಚಿಕ್ಕವು. ಈ ಮಣಿಯಲ್ಲಿ ನೋಡಿ ಇಂಥವೇ ಅಂತ ಹೇಳೋಕೆ ಆಗಲ್ಲ. ಈ ನೀರಲ್ಲಿ ಅವು ಇದಾವೆ ಅಂತ ನಾನು ಸಾಬೀತು ಮಾಡಿಲ್ಲ."

ಸಭೆ ತಬ್ಬಿಬ್ಬಾಯಿತು. ಅಧ್ಯಕ್ಷರ ಎತ್ತಿದ ಕೈ ಇಳಿಯಿತು. "ಮತ್ತೆ ಎಂತದಕ್ಕೆ ಮೇಡಂ ಇಷ್ಟು ಹೊತ್ತು?"

"ಈ ಪಾಪದವು ಮುಚ್ಚಿದ ಟ್ಯಾಂಕಿನಲ್ಲಿ ಇಷ್ಟೊಂದು ಇರಲ್ಲ. ಬಿಸಿಲು ಬೀಳಬೇಕು, ಪಾಚಿ ಬೆಳೀಬೇಕು. ನಿಮ್ಮ ಟ್ಯಾಂಕಿಗೆ ಮುಚ್ಚಳ ಇಲ್ಲ. ಮುಚ್ಚಳ ಇಲ್ಲದ ಕಡೆ ಏನು ಬೇಕಾದ್ರೂ ಬೀಳ್ತದೆ."

"ಮುಚ್ಚಳ ಉಂಟು. ನಾನೇ ನಿಂತು ಹಾಕಿಸಿದ್ದೇನೆ," ಎಂದರು ಅಧ್ಯಕ್ಷರು. ಹಠ ಮರಳಿತ್ತು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಹಿಂದಿನ ಕಬ್ಬಿಣದ ಏಣಿ ಹತ್ತಿ ತಾರಸಿಗೆ ಹೋದರು. ನಾವೆಲ್ಲ ಹಿತ್ತಲಿನಲ್ಲಿ ಕತ್ತೆತ್ತಿ ನಿಂತೆವು. ಟ್ಯಾಂಕಿನ ಪಕ್ಕದ ಕಟ್ಟೆಯ ಮೇಲೆ ನಿಂತು ಒಳಗೆ ಬಗ್ಗಿದ ಅಧ್ಯಕ್ಷರು ಹಾಗೆಯೇ ನಿಂತುಬಿಟ್ಟರು.

"ಏನು ಕಾಣ್ತದೆ ಅಧ್ಯಕ್ಷರೇ?" ಎಂದು ಕೆಳಗಿನಿಂದ ಆಂಟಿ ಕೇಳಿದರು.

ಅಧ್ಯಕ್ಷರು ಇನ್ನಷ್ಟು ಬಗ್ಗಿದರು. ಆಂಟಿ ಮತ್ತೆ ಕೇಳಿದರು.

"ನಾನೇ ಇದ್ದೇನೆ ಮೇಡಂ," ಎಂದರು ಅಧ್ಯಕ್ಷರು.

ನಡೆದದ್ದಿಷ್ಟು. ಹಿಂದೆ ಹಾಕಿಸಿದ್ದ ಮುಚ್ಚಳ ಗಾಳಿಗೋ ಬಿಸಿಲಿಗೋ ಒಡೆದು ಹೋಗಿತ್ತು. ಸಭಾಂಗಣ ನೋಡಿಕೊಳ್ಳುವವನು ನಮ್ಮ ಕೂಟದವರು ರಾಜ್ಯೋತ್ಸವ ಮುಗಿಸಿ ಬಿಟ್ಟುಹೋಗಿದ್ದ ಫ್ಲೆಕ್ಸ್ ಬ್ಯಾನರನ್ನು ಮಡಚಿ ಟ್ಯಾಂಕಿನ ಬಾಯಿಗೆ ಕಟ್ಟಿದ್ದ. ಮಳೆ ತೂಕಕ್ಕೆ ಅದು ಜೋತು ನೀರಿನೊಳಗೆ ಇಳಿದಿತ್ತು. 'ಸರ್ವರಿಗೂ ಸುಸ್ವಾಗತ' ಎಂಬ ಅಕ್ಷರಗಳ ಕೆಳಗೆ ಕೈಮುಗಿದು ನಗುತ್ತಿದ್ದ ಅಧ್ಯಕ್ಷರ ಮುಖ ಹಸಿರು ಪಾಚಿ ಹಿಡಿದು, ಪಾರಿವಾಳದ ಹಿಕ್ಕೆ ಮೆತ್ತಿಕೊಂಡು, ಅರ್ಧ ನೀರಿನೊಳಗೂ ಅರ್ಧ ಹೊರಗೂ ತೇಲುತ್ತಿತ್ತು.

ಅವರು ಕೆಳಗಿಳಿದು ಬಂದಾಗ ನಗಬೇಕೋ ಬೇಡವೋ ಎಂದು ಯಾರಿಗೂ ಗೊತ್ತಾಗಲಿಲ್ಲ. ಆಂಟಿ ಮಾತ್ರ ಅವರ ಕೈಗೆ ಒಂದು ಬಟ್ಟೆ ಕೊಟ್ಟು, "ಏಣಿ ಹತ್ತಿ ನೋಡಿದಿರಲ್ಲ. ಲಂಡನ್ನಿನೋರು ಅಷ್ಟೂ ಮಾಡಿರಲಿಲ್ಲ ಮೊದಲಿಗೆ," ಎಂದರು. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಅಧ್ಯಕ್ಷರು ಕೈ ಒರೆಸಿಕೊಂಡರು.

ಅಂಗಡಿಯಿಂದ ಕ್ಯಾನುಗಳಲ್ಲಿ ನೀರು ತರಿಸಿದರು. ಮಜ್ಜಿಗೆ ಬೇಡ, ಕುದಿಸಿದ್ದೇ ಇರಲಿ ಎಂದು ಹೆಂಗಸರು ಮೆಣಸಿನ ಸಾರಿಗೆ ಇಟ್ಟರು. ಒಲೆಯ ಪಕ್ಕ ನಿಂತ ಆಂಟಿ, ಜವಳಿಯವನು ಮೆಣಸು ನೆನೆಹಾಕಿದ ಕಥೆ ಹೇಳಿದರು. ಮೆಣಸು ಯಾಕೆ ಖಾರ, ಅದರ ಮೈಮೇಲೆ ನಾಲಿಗೆಗೆ ಚುಚ್ಚುವ ಮುಳ್ಳು ಇರಬಹುದೇ ಎಂದು ಅವನಿಗೆ ಅನುಮಾನ. ನೀರಿನಲ್ಲಿ ನೆನೆಸಿ, ವಾರಗಟ್ಟಲೆ ಬಿಟ್ಟು ನೋಡಿದ. ಮುಳ್ಳು ಕಾಣಲಿಲ್ಲ. ಅಲ್ಲಿಯವರೆಗೆ ಯಾರೂ ಕಂಡಿರದಷ್ಟು ಚಿಕ್ಕ ಜೀವಿಗಳು ಕಂಡವು. "ಡಚ್ಚರಿಗೆ ಮೆಣಸು ಎಲ್ಲಿಂದ ಹೋಗಬೇಕು? ನಿಮ್ಮ ಕಡಲ ದಿಕ್ಕಿಂದಲೇ ಹೋಗಿರಬೇಕು," ಎಂದು ಅಧ್ಯಕ್ಷರನ್ನು ನೋಡಿದರು. "ಹಾಗಾದ್ರೆ ನಮ್ಮ ಪಾಲೂ ಉಂಟು," ಎಂದರು ಅಧ್ಯಕ್ಷರು, ಅಂದು ಮೊದಲ ಬಾರಿ ನಕ್ಕು.

ಆ ಯುಗಾದಿಯ ಮಾರನೇ ದಿನ ಸಮಿತಿಯವರೆಲ್ಲ ಕೆಲಸಕ್ಕೆ ಹೋಗಿದ್ದರು.

ಆಂಟಿಯ ಕಣ್ಣು ಕೆಟ್ಟದ್ದು ಅದಾದ ಎರಡು ವರ್ಷಕ್ಕೆ. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಣ್ಣಿನ ಹಿಂಭಾಗ ಸವೆಯುವ ಕಾಯಿಲೆ. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಹಿಂತಿರುಗುವಾಗ ಕಾರಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತರು. "ಬದಿಯಲ್ಲೆಲ್ಲ ಚೆನ್ನಾಗಿ ಕಾಣ್ತದಮ್ಮ. ನಾನು ಯಾವುದನ್ನ ನೋಡಬೇಕು ಅಂತೀನೋ ಅದು ಮಾತ್ರ ಕಾಣಲ್ಲ," ಎಂದರು. ಆಮೇಲೆ, "ದೇವರು ಎಂಥ ಅಧ್ಯಾಪಕ ನೋಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ಸುದ್ದಿ ಕೇಳಿದ ಭಾನುವಾರ ಅಧ್ಯಕ್ಷರು ಅವರ ಮನೆಗೆ ಬಂದರು. ಕಾಫಿ ಕುಡಿದರು, ಮುಕ್ಕಳಿಸಿದರು. "ಮೇಡಂ, ನೋಡುವ ಕೆಲಸ ನಾನು ಮಾಡ್ತೇನೆ. ಅದು ಎಂತದು ಅಂತ ನೀವು ಹೇಳಿ," ಎಂದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಬಂದರು. ಹೂದಾನಿಯ ನೀರು, ಬಾವಿಯ ನೀರು, ಕರೂರಾ ಕಾಡಿನ ತೊರೆಯ ನೀರು ಎಂದು ಸೀಸೆಗಳಲ್ಲಿ ತುಂಬಿಕೊಂಡು ಬರುತ್ತಿದ್ದರು. ಕಿಟಕಿಯ ಹತ್ತಿರ ನಿಂತು ತಮ್ಮ ಅಂಗಡಿಯ ಭಾಷೆಯಲ್ಲಿ ವರ್ಣಿಸುತ್ತಿದ್ದರು.

"ಒಂದು ವಾಷರ್ ತರದ್ದು ಉಂಟು ಮೇಡಂ. ಉರುಳಿಕೊಂಡು ಹೋಗ್ತಾ ಉಂಟು."

"ಹಸಿರೋ ಬಿಳಿಯೋ?"

"ಹಸಿರು. ಆಚೆ ಒಂದು ಸ್ಪ್ರಿಂಗ್. ಎಳೆದು ಬಿಟ್ಟ ಹಾಗೆ ಕುಗ್ತದೆ, ಹಿಗ್ತದೆ."

"ತಲೆ ಕಡೆ ಗಂಟೆ ಹಾಗೆ ಐತಾ?"

"ಉಂಟು, ಉಂಟು. ಫನೆಲ್ ಇದ್ದ ಹಾಗೆ."

ಆಂಟಿ ಕಣ್ಣು ಮುಚ್ಚಿಕೊಂಡು ಅದರ ಹೆಸರು ಹೇಳುತ್ತಿದ್ದರು. ಅಧ್ಯಕ್ಷರಲ್ಲಿ ಒಂದೇ ದೋಷ. ಮೇಡಂ ಸಂತೋಷಪಡಲಿ ಎಂದು ಎಲ್ಲವನ್ನೂ ಜಾಸ್ತಿ ಮಾಡಿ ಹೇಳುವರು. ಬರಿದಾದ ಹನಿಯಲ್ಲೂ ಸಂತೆ ನೆರೆಯುತ್ತಿತ್ತು. "ಲಕ್ಷ ಉಂಟು ಮೇಡಂ, ಲಕ್ಷ" ಎಂದರೆ ಆಂಟಿ, "ಇಷ್ಟು ಬೇಗ ಎಣಿಸಿದಿರಾ?" ಎನ್ನುತ್ತಿದ್ದರು. ಅವರು ಹೊರಟುಹೋದ ಮೇಲೆ ನನ್ನೊಡನೆ, "ಇವತ್ತಿನದರಲ್ಲಿ ಏನೂ ಇರಲಿಲ್ಲ, ಪಾಪ" ಎಂದು ಹೇಳಿ ನಗುತ್ತಿದ್ದರು.

ಈ ವರ್ಷದ ಫೆಬ್ರವರಿಯಲ್ಲಿ ಆಂಟಿಯ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ಎಲ್ಲರಿಗೂ ಅರ್ಥವಾಗಿತ್ತು, ಅವರಿಗೆ ಎಲ್ಲರಿಗಿಂತ ಮೊದಲು. ಮಳೆ ಬಿದ್ದು ತಿಂಗಳುಗಳಾಗಿದ್ದವು. ಆ ಭಾನುವಾರ ಮಧ್ಯಾಹ್ನ ಅಧ್ಯಕ್ಷರು ಬಂದಾಗ ಆಂಟಿ ಮಲಗಿದಲ್ಲಿಂದಲೇ, "ತಾರಸಿಗೆ ಹೋಗಿ ನೀರು ಹರಿಯೋ ದೋಣಿಯಿಂದ ಒಂದು ಚಿಟಿಕೆ ಧೂಳು ತಗೊಂಡು ಬರ್ರಿ" ಎಂದರು. ನಾನು ಅವರ ದಿಂಬು ಸರಿಮಾಡಿದೆ. ಅಧ್ಯಕ್ಷರು ಅಂಗೈಯಲ್ಲಿ ಧೂಳು ಹಿಡಿದು ಬಂದರು. ಒಣಗಿ ಬೂದಿಯಾಗಿತ್ತು.

"ಕಾಯಿಸಿ ಆರಿಸಿದ ನೀರು ಐತೆ, ಒಂದು ಹನಿ ಹಾಕಿ ನೋಡ್ರಿ. ಜವಳಿಯವನು ಮುದುಕನಾದ ಮೇಲೆ ಇದನ್ನ ಮಾಡಿದ. ಸತ್ತ ಹಾಗೆ ಒಣಗಿದ್ದು ನೀರು ತಾಗಿದ್ರೆ ಏಳ್ತದಾ ಅಂತ."

ಅಧ್ಯಕ್ಷರು ಹಾಗೆಯೇ ಮಾಡಿ ಮಣಿಯನ್ನು ಕಣ್ಣಿಗೆ ಹಿಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಲಕ್ಷ ಎನ್ನುತ್ತಾರೆ ಅಂದುಕೊಂಡೆ.

"ಎಂತ ಇಲ್ಲ ಮೇಡಂ. ಮಣ್ಣು. ಸಣ್ಣ ಸಣ್ಣ ಉಂಡೆ, ಅಷ್ಟೆ."

"ಕಾಯಿರಿ," ಎಂದು ಆಂಟಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬಂದ ಹಾಗೆ ಕಂಡಿತು. ಉಸಿರು ಎಳೆದು ಎಳೆದು ಬರುತ್ತಿತ್ತು. ಕೆಳಗೆ ಬೀದಿಯಲ್ಲಿ ಮಟಾಟುವೊಂದು ಹಾಡು ಹಾಕಿಕೊಂಡು ಹೋಯಿತು. ಇನ್ನು ಹೊರಡಿ ಎಂದು ನಾನು ಅಧ್ಯಕ್ಷರಿಗೆ ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಹನಿ ಆರುತ್ತಾ ಬಂದರೆ ಇನ್ನೊಂದು ಹನಿ ಹಾಕುತ್ತಿದ್ದರು, ಮತ್ತೆ ನೋಡುತ್ತಿದ್ದರು. ನಿಂತು ಕಾಲು ನೋಯಿತೋ ಏನೋ, ಕಿಟಕಿಗೆ ಭುಜ ಕೊಟ್ಟರು. ನಾನು ಅಡುಗೆಮನೆಗೆ ಹೋಗಿ ಆಂಟಿಯ ಔಷಧಿ ತಂದೆ. ಆಗಲೂ ಅಧ್ಯಕ್ಷರು ಹಾಗೆಯೇ ನಿಂತಿದ್ದರು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅಗಲ ತೆರೆದು.

ಆಮೇಲೆ ಅವರ ಬೆನ್ನು ನೆಟ್ಟಗಾಯಿತು. ಉಸಿರು ಬಿಗಿಹಿಡಿದು ಇನ್ನೊಮ್ಮೆ ನೋಡಿದರು. ಮಂಚದ ಹತ್ತಿರ ಬಂದು, ಎಬ್ಬಿಸಬೇಕೋ ಬೇಡವೋ ಎಂದು ಅನುಮಾನಿಸಿ, ಬಗ್ಗಿದರು.

"ಮೇಡಂ, ಒಂದು ಉಂಡೆ ಬಿಚ್ಚಿಕೊಂಡಿತು. ತಲೆ ಹೊರಗೆ ಹಾಕಿತು. ಈಜ್ತಾ ಉಂಟು."

ಆಂಟಿ ಕಣ್ಣು ತೆರೆಯಲಿಲ್ಲ. "ಎಷ್ಟು?"

"ಒಂದೇ ಮೇಡಂ."

"ಬರೀ ಒಂದಾ?"

"ಒಂದೇ," ಎಂದರು ಅಧ್ಯಕ್ಷರು.

ಆಂಟಿಯ ಮುಖದ ಮೇಲೆ ನಿಧಾನವಾಗಿ ನಗು ಹರಡಿತು. "ಹಾಗಾದ್ರೆ ನಿಜ," ಎಂದರು.